ಹೆಚ್ಚಿಗೆ ಬಂದ ಬಿಲ್ಲೆ

ಅಟ್ಲಾಂಟಿಕ್ ಸಿಟಿ
24 ಸೆಪ್ಟೆಂಬರ್ 1979

ಶ್ರೀ ಜಯತೀರ್ಥ ಅವರಿಗೆ,

ನಮಸ್ಕಾರ. ಒಂಬತ್ತು ದಿನಗಳ ಹಿಂದೆ, ಶನಿವಾರ ಮಧ್ಯಾಹ್ನ, ಇಲ್ಲಿಯ ಕ್ಯಾಸಿನೊದಲ್ಲಿ ನಿಮಗೆ ಇಸ್ಪೀಟೆಲೆ ಹಂಚಿದ ಡೀಲರ್ ನಾನು. ಎದೆಯ ಮೇಲೆ ‘ಉಷಾ’ ಎಂಬ ಪಟ್ಟಿ ಇತ್ತಲ್ಲ, ಅವಳೇ. ‘ನಮ್ಮ ಕನ್ನಡ ಬಳಗಕ್ಕೆ ಬಾಮ್ಮ’ ಎಂದು ನೀವು ಮೇಜಿನ ಮೇಲೆ ಇಟ್ಟುಹೋದ ವಿಸಿಟಿಂಗ್ ಕಾರ್ಡು ಈಗ ಕ್ಯಾಸಿನೊದವರ ಫೈಲಿನಲ್ಲಿದೆ. ಅವರು ಕಿತ್ತುಕೊಳ್ಳುವ ಮೊದಲು ನಿಮ್ಮ ಆಫೀಸಿನ ವಿಳಾಸವನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ನೀವು ಮಾಡಿದ ಘನಕಾರ್ಯದಿಂದ, ವಿಚಾರಣೆ ಮುಗಿಯುವವರೆಗೆ ನನ್ನ ಕೆಲಸ ನಿಂತಿದೆ. ಸಮಾಧಾನದಿಂದ ಬರೆಯಬೇಕೆಂದು ಎರಡು ಹಾಳೆ ಹರಿದುಹಾಕಿದೆ. ಸಮಾಧಾನ ಬರುತ್ತಿಲ್ಲ.

ನಡೆದದ್ದನ್ನು ನೆನಪಿಸುತ್ತೇನೆ. ನಿಮ್ಮ ಎಲೆಗಳ ಮೊತ್ತ ಹದಿನೆಂಟು, ನನ್ನದೂ ಹದಿನೆಂಟು. ಸಮ ಬಂದರೆ ಗೆಲುವೂ ಇಲ್ಲ, ಸೋಲೂ ಇಲ್ಲ. ನಿಂತು ನಿಂತು ಕಣ್ಣು ಕಟ್ಟಿತ್ತೋ ಏನೋ, ನಿಮಗೆ ಇಪ್ಪತ್ತೈದು ಡಾಲರಿನ ಒಂದು ಹಸಿರು ಬಿಲ್ಲೆ ಹೆಚ್ಚಿಗೆ ಕೊಟ್ಟೆ. ತಪ್ಪು ನನ್ನದು. ಪಕ್ಕದ ಕುರ್ಚಿಯ ಬಿಳಿಯ ಅಜ್ಜಿ ಕಣ್ಣು ಮಿಟುಕಿಸಿ ಸುಮ್ಮನಿರಲು ನಿಮಗೆ ಸನ್ನೆ ಮಾಡಿದಳು. ನೀವು ಸುಮ್ಮನಿರಲಿಲ್ಲ. ಸರಿ, ಬಿಲ್ಲೆಯನ್ನು ಇದ್ದಲ್ಲೇ ಬಿಟ್ಟು ಬಾಯಿಂದ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಸೂಪರ್‌ವೈಸರನ್ನು ಕರೆಯುತ್ತಿದ್ದೆ, ಅವನು ಸರಿಮಾಡುತ್ತಿದ್ದ, ಆಟ ಮುಂದುವರಿಯುತ್ತಿತ್ತು. ನೀವೋ ಎದ್ದು ನಿಂತಿರಿ. ‘ತಗೊಳಮ್ಮ, ಇದು ನನಗೆ ಸೇರಿದ್ದಲ್ಲ’ ಎಂದು ಕನ್ನಡದಲ್ಲಿ ಹೇಳಿ, ದಕ್ಷಿಣೆ ಕೊಡುವವರ ಹಾಗೆ ಬಲಗೈಯಿಂದ ಅದನ್ನು ನನ್ನ ಅಂಗೈಯೊಳಗೆ ಇಟ್ಟಿರಿ. ನನ್ನ ಹಣೆಬರಹ, ಹಿರಿಯರ ಬಲಗೈ ಮುಂದೆ ಬಂದ ಕೂಡಲೇ ನನ್ನ ಎರಡೂ ಕೈ ತೀರ್ಥಕ್ಕೆ ಒಡ್ಡಿದ ಹಾಗೆ ತಾವಾಗಿಯೇ ಕೂಡಿಕೊಂಡು ಮುಂದೆ ಹೋದವು. ಪುಣ್ಯಕ್ಕೆ ಕಣ್ಣಿಗೊತ್ತಿಕೊಳ್ಳಲಿಲ್ಲ. ಆಮೇಲೆ ಎಚ್ಚರವಾಗಿ ‘ಅಯ್ಯೋ, ಬ್ಯಾಡ್ರೀ!’ ಎಂದೆ.

ಡೀಲರಿನ ಕೈ ಮತ್ತು ಆಡುವವರ ಕೈ ಒಂದನ್ನೊಂದು ಮುಟ್ಟುವ ಹಾಗಿಲ್ಲ. ಏನಿದ್ದರೂ ಮೇಜಿನ ಮೇಲಿಡಬೇಕು, ಚಾವಣಿಯ ಕ್ಯಾಮೆರಾಕ್ಕೆ ಕಾಣಬೇಕು. ಇಲ್ಲಿ ಕಲಿಸುವ ಮೊದಲ ಪಾಠವೇ ಇದು. ಈಗ ಅವರು ಬರೆದುಕೊಂಡಿರುವುದು ಹೀಗೆ: ಗೊತ್ತಿಲ್ಲದ ಭಾಷೆಯಲ್ಲಿ ಸಂಕೇತ, ಕೈಯಿಂದ ಕೈಗೆ ಬಿಲ್ಲೆ, ಜೊತೆಗೊಂದು ಕಾರ್ಡು. ನೀವೂ ನಾನೂ ಸೇರಿ ಮೋಸ ಮಾಡುತ್ತಿದ್ದೇವೆಂದು ಅವರ ಅನುಮಾನ.

ಈ ಕೆಲಸ ಹೋದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ಈ ಊರಿನ ಯಾವ ಮೇಜಿಗೂ ನನ್ನನ್ನು ಸೇರಿಸುವುದಿಲ್ಲ. ಆಮೇಲೆ ನಾನು ಮಾನ್ಮತ್ ಜಂಕ್ಷನ್ನಿನ ಗಂಡನ ಮನೆಗೇ ಮರಳಬೇಕು. ಅಲ್ಲಿಂದ ಯಾಕೆ ಹೊರಬಿದ್ದೆನೆಂದು ಅಪರಿಚಿತರಿಗೆ ಬರೆಯಲಾರೆ. ಮರಳಲಾರೆ ಎಂದಷ್ಟೇ ತಿಳಿಯಿರಿ.

ನೀವು ಯಾರು, ಏನು ಹೇಳಿದಿರಿ, ಏನು ಕೊಟ್ಟಿರಿ ಎಂದು ಒಂದು ಪುಟ ಬರೆದು, ಸಹಿ ಹಾಕಿ ಕಳಿಸಿ. ಅಷ್ಟೇ ಕೇಳುತ್ತಿದ್ದೇನೆ.

ಉಷಾ


ನ್ಯೂಯಾರ್ಕ್
1 ಅಕ್ಟೋಬರ್ 1979

ಚಿ॥ ಸೌ॥ ಉಷಾಳಿಗೆ ಜಯತೀರ್ಥನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಬಹಳ ನೋವಾಯಿತು. ಆಫೀಸಿಗೆ ಬರೆದದ್ದು ಒಳ್ಳೆಯದಾಯಿತು. ಮುಂದೆಯೂ ಇಲ್ಲಿಗೇ ಬರೆ. ಬೆಲ್‌ರೋಸಿನ ನಮ್ಮ ಮನೆಗೆ ದಯವಿಟ್ಟು ಫೋನ್ ಮಾಡಬೇಡ. ನನ್ನ ಹೆಂಡತಿ ರಮಾಮಣಿ ಸುಮ್ಮನೆ ಗಾಬರಿಯಾಗುತ್ತಾಳೆ.

ನನಗೆ ಅರ್ಥವಾಗದ್ದು ಒಂದೇ. ನಾನು ಮಾಡಿದ ತಪ್ಪಾದರೂ ಏನು? ನನ್ನದಲ್ಲದ್ದನ್ನು ಹಿಂದಿರುಗಿಸಿದೆ. ಇಪ್ಪತ್ತು ವರ್ಷದಿಂದ ಸೇತುವೆ ಕಟ್ಟಿಸುವ ಕೆಲಸ ನನ್ನದು. ಒಂದು ಬೋಲ್ಟು ಸಡಿಲವಿದ್ದರೂ ಕೆಲಸ ನಿಲ್ಲಿಸಿ ಹೇಳುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ. ಹಾಗೆ ಬೆಳೆದವನು ನಾನು. ಮೈಸೂರಿನಲ್ಲಿ ನಮ್ಮ ತಂದೆ ಅಂಗಡಿಯವನು ಕಾಲಾಣೆ ಹೆಚ್ಚು ಕೊಟ್ಟರೂ ಹಿಂದಿರುಗಿಸಿ ಬರಲು ನಮ್ಮನ್ನು ಓಡಿಸುತ್ತಿದ್ದರು. ಇಸ್ಪೀಟಿನ ಮೇಜಾದ ಮಾತ್ರಕ್ಕೆ ಅಲ್ಲಿ ಬೇರೆ ಧರ್ಮವೇ? ಸತ್ಯ ಹೇಳಿದವನಿಗೆ ಬೈಗುಳ, ಕಣ್ಣು ಮಿಟುಕಿಸಿದ ಅಜ್ಜಿಗೆ ಏನೂ ಇಲ್ಲ. ಎಂಥ ಲೋಕವಮ್ಮ ಇದು!

ಗೆಳೆಯರ ಒತ್ತಾಯಕ್ಕೆ ಜೀವನದಲ್ಲಿ ಒಂದೇ ಒಂದು ಸಲ ಅಲ್ಲಿಗೆ ಬಂದವನು ನಾನು. ಒಬ್ಬ ಹಿರಿಯನಾಗಿ ಇನ್ನೊಂದು ಮಾತು. ನಿನ್ನ ‘ಬ್ಯಾಡ್ರೀ’ ಕೇಳಿದರೆ ಧಾರವಾಡದ ಮರ್ಯಾದಸ್ಥ ಮನೆತನದ ಹುಡುಗಿಯ ಹಾಗೆ ಕಾಣುತ್ತೀಯ. ಇದು ನಿನಗೆ ತಕ್ಕ ಕೆಲಸವೇ ಎಂದು ಯೋಚಿಸಲು ದೇವರೇ ಕೊಟ್ಟ ಅವಕಾಶ ಇದಾಗಿರಬಹುದಲ್ಲವೇ?

ಪತ್ರದ ವಿಚಾರ ನೋಡೋಣ. ಸದ್ಯ ತುಂಬ ಕೆಲಸವಿದೆ.

ಜಯತೀರ್ಥ


ಅಟ್ಲಾಂಟಿಕ್ ಸಿಟಿ
5 ಅಕ್ಟೋಬರ್ 1979

ಶ್ರೀ ಜಯತೀರ್ಥ ಅವರಿಗೆ,

ಮೊದಲನೆಯದಾಗಿ, ನನಗೆ ‘ಸೌ॥’ ಹಚ್ಚಬೇಡಿ.

ನನ್ನ ಕೆಲಸ ನನಗೆ ತಕ್ಕದ್ದೇ ಎಂದು ನೀವು ಕೇಳುತ್ತೀರಿ. ಆ ಮೇಜಿನ ಈಚೆ ನಿಂತು ಸಂಬಳಕ್ಕೆ ಎಲೆ ಹಂಚುವವಳು ಮರ್ಯಾದೆ ಯೋಚಿಸಬೇಕು, ಆಚೆ ಕೂತು ಆಡುವವರು ಯೋಚಿಸಬೇಕಾಗಿಲ್ಲ, ಅಲ್ಲವೇ? ಗಣಿತದಲ್ಲಿ ಎಂ.ಎಸ್‌ಸಿ. ಮಾಡಿಕೊಂಡು ಬಂದವಳು ನಾನು. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಕೈ ಚುರುಕಾಗಿದೆಯೇ ಎಂದು ಕ್ಯಾಸಿನೊದವರು ಕೇಳಿದರು, ಹನ್ನೆರಡು ವಾರ ಕಲಿಸಿದರು, ಸೇರಿಸಿಕೊಂಡರು. ನನ್ನ ದುಡಿಮೆಯ ಅನ್ನ ಮೊದಲ ಸಲ ಉಂಡದ್ದು ಈ ಊರಲ್ಲಿ.

ಹೇಳಬಾರದಿತ್ತೆಂದು ನಾನೆಲ್ಲಿ ಬರೆದೆ? ಇನ್ನೊಮ್ಮೆ ಓದಿ. ಮೊದಲ ನಾಲ್ಕು ದಿನ ನನಗೂ ಹಾಗೇ ಅನ್ನಿಸಿತ್ತು. ಈ ಮಾರಾಯ ಬಾಯಿ ಮುಚ್ಚಿಕೊಂಡು ಬಿಲ್ಲೆ ಜೇಬಿಗೆ ಹಾಕಿಕೊಂಡಿದ್ದರೆ ನಾನು ಇವತ್ತು ಕೆಲಸದಲ್ಲಿರುತ್ತಿದ್ದೆ ಎಂದು ಗೋಡೆಗೆ ಹೇಳಿಕೊಂಡು ಬೈದಿದ್ದೇನೆ. ಹತ್ತರಲ್ಲಿ ಒಂಬತ್ತು ಜನ ಹಾಕಿಕೊಳ್ಳುತ್ತಾರೆ. ಕ್ಯಾಸಿನೊ ನಮ್ಮನ್ನು ಸುಲಿಯುತ್ತದೆ, ನಾವೂ ಒಂದು ಬಿಲ್ಲೆ ಸುಲಿದರೆ ಏನಂತೆ ಅನ್ನುತ್ತಾರೆ. ಆದರೆ ಆ ತಪ್ಪು ಸಿಕ್ಕಿಬಿದ್ದರೆ ಕ್ಯಾಸಿನೊದ ಗಂಟೇನೂ ಹೋಗುವುದಿಲ್ಲ, ಬೈಸಿಕೊಳ್ಳುವವಳು ಡೀಲರ್. ಅದಕ್ಕೇ, ಹೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದು ಐದನೆಯ ದಿನ ಅನ್ನಿಸಿತು. ನಿಮ್ಮ ಮೇಲೆ ಗೌರವವೂ ಹುಟ್ಟಿತು ಎಂದಿಟ್ಟುಕೊಳ್ಳಿ.

ಈಗ ಅದನ್ನು ಕೆಡಿಸಬೇಡಿ. ಮೇಜಿನ ಮುಂದೆ ಎದ್ದು ನಿಂತು ಹೇಳಿದ್ದನ್ನೇ ಒಂದು ಹಾಳೆಯ ಮೇಲೆ ಹೇಳಿ. ವಿಚಾರಣೆ ಡಿಸೆಂಬರ್ ಮೊದಲ ವಾರದಲ್ಲಂತೆ. ಅಷ್ಟರೊಳಗೆ ನನಗೆ ಅದು ಬೇಕು.

ಉಷಾ


ನ್ಯೂಯಾರ್ಕ್
22 ಅಕ್ಟೋಬರ್ 1979

ಚಿ॥ ಉಷಾಳಿಗೆ ಆಶೀರ್ವಾದಗಳು.

ತಡವಾಯಿತು. ರಾಜ್ಯೋತ್ಸವದ ಗಡಿಬಿಡಿ. ಐವತ್ತು ಕುಟುಂಬಗಳಿಗೆ ಊಟ, ಮಕ್ಕಳ ನಾಟಕ, ಎಲ್ಲ ನನ್ನ ತಲೆಯ ಮೇಲೆ. ನವೆಂಬರ್ 17ಕ್ಕೆ ಬಳಗದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ಬೇರೆ. ನನ್ನ ಎದುರು ನಿಂತಿರುವವನು ಡಾಕ್ಟರ್ ಅಶ್ವತ್ಥನಾರಾಯಣ, ಬಾಯಿ ಬಡಾಯಿಯ ಮನುಷ್ಯ. ಜನ ನನ್ನನ್ನು ಕೇಳುತ್ತಿರುವುದು ನನ್ನ ನಡತೆ ನೋಡಿ. ಇಂಥ ಹೊತ್ತಿನಲ್ಲಿ ಎಲ್ಲೋ ಒಂದು ಫೈಲಿನಲ್ಲಿ ಕ್ಯಾಸಿನೊ ಎಂಬ ಶಬ್ದದ ಪಕ್ಕ ನನ್ನ ಸಹಿ ಬಂದರೆ ಏನಾಗುತ್ತದೆಂದು ನಿನಗೆ ಗೊತ್ತಿರಲಿಕ್ಕಿಲ್ಲ.

ಆದರೂ ನಿನ್ನನ್ನು ಕೈಬಿಟ್ಟಿಲ್ಲ. ನಡೆದದ್ದನ್ನು ಚೊಕ್ಕವಾಗಿ ಟೈಪ್ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಇದರಿಂದ ನಿನ್ನ ಕೆಲಸ ಆಗುತ್ತದೆಂದು ನಂಬಿದ್ದೇನೆ.

ಜಯತೀರ್ಥ


ಅಟ್ಲಾಂಟಿಕ್ ಸಿಟಿ
26 ಅಕ್ಟೋಬರ್ 1979

ಅಂಕಲ್,

ನೀವು ಟೈಪ್ ಮಾಡಿದ ಹಾಳೆ ತಲುಪಿತು. ಇಂಗ್ಲಿಷ್ ಬಹಳ ಚೆನ್ನಾಗಿದೆ. ಕೆಳಗೆ ‘ಒಬ್ಬ ಪ್ರಾಮಾಣಿಕ ಗ್ರಾಹಕ’ ಎಂದಿದೆ. ಹೆಸರಿಲ್ಲ, ಸಹಿಯಿಲ್ಲ, ಊರಿಲ್ಲ.

ಏನ್ರೀ ಇದು? ಇದನ್ನು ಒಯ್ದು ಕೊಟ್ಟರೆ ನಾನೇ ಕೂತು ಟೈಪ್ ಮಾಡಿದ್ದೇನೆ ಅನ್ನುವುದಿಲ್ಲವೇ? ಇದ್ದ ಅನುಮಾನದ ಜೊತೆಗೆ ಇನ್ನೊಂದು ಕಳ್ಳತನ ನನ್ನ ತಲೆಗೆ. ನೀವು ಸಹಾಯ ಮಾಡಿದಷ್ಟೂ ನಾನು ಮುಳುಗುತ್ತಿದ್ದೇನೆ. ಕೈ ಮುಗಿಯುತ್ತೇನೆ. ಹೆಸರು ಬರೆದು ಕಳಿಸಿ, ಇಲ್ಲವಾದರೆ ಆಗುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ಈ ನೋಡೋಣ, ಮಾಡೋಣ ಕೇಳಿ ಕೇಳಿ ತಲೆ ಚಚ್ಚಿಕೊಳ್ಳುವಂತಾಗಿದೆ.

ಉಷಾ


ಅಟ್ಲಾಂಟಿಕ್ ಸಿಟಿ
14 ನವೆಂಬರ್ 1979

ಅಂಕಲ್,

ಮೂರು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ನಿಮ್ಮ ಆಫೀಸಿಗೆ ಎರಡು ಸಲ ಫೋನ್ ಮಾಡಿದೆ. ‘ಮೀಟಿಂಗಿನಲ್ಲಿದ್ದಾರೆ’ ಎಂದು ಹುಡುಗಿ ಹೇಳಿದಳು. ಎರಡನೆಯ ಸಲ ಅವಳ ಹಿಂದಿನಿಂದ ನಿಮ್ಮದೇ ದನಿ ಕೇಳಿಸಿತು.

ವಿಚಾರಣೆ ಡಿಸೆಂಬರ್ 7, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಈಗ ಪತ್ರ ಸಾಲದು, ಸಾಕ್ಷಿಯವರು ಖುದ್ದಾಗಿ ಬರಬೇಕಂತೆ.

ಇಲ್ಲಿಯವರೆಗೆ ಬರೆಯದಿದ್ದ ಒಂದು ವಿಷಯ ಬರೆಯುತ್ತೇನೆ. ‘ಜೀವನದಲ್ಲಿ ಒಂದೇ ಸಲ’ ಎಂದಿರಲ್ಲ? ನಮ್ಮ ಕೆಲಸವೇ ಮುಖ ನೋಡುವುದು. ಕಂದು ಬಣ್ಣದ ಕೋಟು, ಜೇಬಿನಲ್ಲಿ ಎರಡು ಪೆನ್ನು, ತಿಂಗಳ ಮೂರನೆಯ ಶನಿವಾರ, ನನ್ನ ಮೇಜಿನ ಎಡತುದಿಯ ಕುರ್ಚಿ. ನಿಮ್ಮನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ, ಆದರೆ ಒಂದು ಸಲವಲ್ಲ. ಮೊದಲ ದಿನ ಕ್ಯಾಸಿನೊದವರು ನನ್ನನ್ನು ಕೇಳಿದ್ದು ‘ಇವನು ನಿನಗೆ ಪರಿಚಯವೇ’ ಎಂದು. ಹೆಸರು ಗೊತ್ತಿಲ್ಲ, ಮಾತಾಡಿಲ್ಲ ಎಂದೆ. ಅದು ನಿಜ. ಬೇರೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಷಾ


ನ್ಯೂಯಾರ್ಕ್
20 ನವೆಂಬರ್ 1979

ಉಷಾ,

ಹನ್ನೆರಡು ಸಲ. ಲೆಕ್ಕ ನನ್ನ ಹತ್ತಿರ ಇದೆ.

ಫಿಲಡೆಲ್ಫಿಯಾದ ಸೇತುವೆಯ ಕೆಲಸವೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತುತ್ತಿದ್ದೆ. ಬೇಸಗೆಯಲ್ಲಿ ಪೆಟ್ರೋಲಿಗೆ ಮೈಲುದ್ದ ಸಾಲು ನಿಂತಿತ್ತಲ್ಲ, ಆಗ ‘ಕಾರು ಬಿಟ್ಟು ಬಸ್ಸಿನಲ್ಲಿ ಹೋಗ್ತಾರೆ ಪಾಪ’ ಎಂದು ರಮಾಮಣಿ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಡುತ್ತಿದ್ದಳು. ಮೊದಲ ದಿನ ನಿನ್ನ ಮೇಜಿಗೆ ಕೂತದ್ದು ಆಕಸ್ಮಿಕ. ಎಲೆ ತಿರುಗಿಸುವಾಗ ನೀನು ತುಟಿಯಲ್ಲೇ ಎಣಿಸುತ್ತೀಯ, ನಿನಗೆ ಗೊತ್ತೋ ಇಲ್ಲವೋ. ‘ಎಂಟು, ಹದಿನಾಕು, ಹದಿನೇಳು.’ ಅದನ್ನು ಕೇಳಿ ಎದ್ದು ಹೋಗಬೇಕಿತ್ತು, ಯಾಕೆಂದರೆ ಕನ್ನಡದವರ ಕಣ್ಣಿಗೆ ಬೀಳಬಾರದೆಂದೇ ಅಷ್ಟು ದೂರ ಬರುತ್ತಿದ್ದದ್ದು. ಹೋಗಲಿಲ್ಲ. ಮುಂದಿನ ತಿಂಗಳೂ ಅಲ್ಲೇ ಕೂತೆ.

ಇನ್ನೂ ಒಂದಿದೆ. ಜೂನ್‌ನಲ್ಲಿ ಒಮ್ಮೆ ನೀನು ಹೀಗೆಯೇ ಒಂದು ಬಿಲ್ಲೆ ಹೆಚ್ಚಿಗೆ ಕೊಟ್ಟಿದ್ದೆ. ಮೇಜಿನಲ್ಲಿ ನಾನೊಬ್ಬನೇ ಇದ್ದೆ. ಅಂದು ಸುಮ್ಮನಿದ್ದೆ.

ಈಗ ನೀನೇ ಹೇಳು. ನಾನು ಬಂದರೆ ‘ಮೊದಲು ಇವಳ ಮೇಜಿಗೆ ಬಂದಿದ್ದೀಯಾ’ ಎಂದು ಕೇಳಿಯೇ ಕೇಳುತ್ತಾರೆ. ಹೌದೆಂದರೆ ನಾವು ಪಾಲುದಾರರೆಂದು ಅವರಿಗೆ ಖಾತ್ರಿಯಾಗುತ್ತದೆ, ನೀನು ಮುಚ್ಚಿಟ್ಟಿದ್ದೀಯೆಂದೂ ಆಗುತ್ತದೆ. ಇಲ್ಲವೆಂದರೆ ಪ್ರಮಾಣ ಮಾಡಿ ಸುಳ್ಳು. ನಾನು ಬರದಿರುವುದೇ ನಿನಗೆ ಒಳ್ಳೆಯದು. ಚುನಾವಣೆಯಲ್ಲಿ ಗೆದ್ದೆ ಎಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ.

ಜಯತೀರ್ಥ


ಅಟ್ಲಾಂಟಿಕ್ ಸಿಟಿ
24 ನವೆಂಬರ್ 1979

ಅಂಕಲ್,

ನನ್ನ ಒಳ್ಳೆಯದು ಯಾವುದೆಂದು ನೀವು ತೀರ್ಮಾನಿಸಬೇಡಿ. ಹಾಗೆ ತೀರ್ಮಾನಿಸುವವರೊಬ್ಬರನ್ನು ಬಿಟ್ಟು ಬಂದಿದ್ದೇನೆ.

ಸುಳ್ಳು ಹೇಳಿ ಎನ್ನುವುದಿಲ್ಲ. ನಿಜ ಹೇಳಿ ನನ್ನನ್ನು ಮುಳುಗಿಸಿದರೆ ಮುಳುಗುತ್ತೇನೆ, ಒಬ್ಬಳೇ ಮುಳುಗುವುದಕ್ಕಿಂತ ಅದೇ ವಾಸಿ. ಬರುವುದಿದ್ದರೆ ಬನ್ನಿ. ಇಲ್ಲದಿದ್ದರೆ ಇನ್ನು ಕಾಗದ ಬೇಡ, ನನಗೆ ಸಾಕಾಗಿದೆ.

ಉಷಾ


ಅಟ್ಲಾಂಟಿಕ್ ಸಿಟಿ
11 ಡಿಸೆಂಬರ್ 1979

ಅಂಕಲ್,

ನಿಮಗೆ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಕಾಲಿಗೆ ಬೀಳಬೇಕೋ, ಕೈಗೆ ಸಿಕ್ಕಿದ್ದನ್ನು ಎಸೆಯಬೇಕೋ.

ವಿಚಾರಣೆಯ ದಿನ ಒಂಬತ್ತೂ ಐವತ್ತರವರೆಗೆ ಬಾಗಿಲು ನೋಡಿ, ಆಮೇಲೆ ನೋಡುವುದನ್ನು ಬಿಟ್ಟಿದ್ದೆ. ಹತ್ತೂ ಐದಕ್ಕೆ ನೀವು, ನಿಮ್ಮ ಹಿಂದೆ ಸೀರೆಯ ಮೇಲೆ ಉದ್ದ ಕೋಟು ಹಾಕಿದ ಅವರು. ಪರಿಚಯ ಮಾಡಿಸದಿದ್ದರೂ ನಿಮ್ಮ ಮನೆಯವರೆಂದು ಗೊತ್ತಾಯಿತು. ಅವರು ಹಿಂದಿನ ಕುರ್ಚಿಯಲ್ಲಿ ಕೂತು ಪರ್ಸನ್ನು ಮಡಿಲಲ್ಲಿಟ್ಟುಕೊಂಡು ನಿಮ್ಮ ಬೆನ್ನನ್ನೇ ನೋಡುತ್ತಿದ್ದರು.

ದಕ್ಷಿಣೆಯ ವಿಷಯ ಚೆನ್ನಾಗಿ ಹೇಳಿದಿರಿ. ಬಲಗೈ ಚಾಚಿ ತೋರಿಸಿದಾಗ ಕ್ಯಾಸಿನೊದ ವಕೀಲನ ಕೈಯೇ ಅರ್ಧ ಮುಂದೆ ಬಂದದ್ದನ್ನು ನೋಡಿದಿರಾ? ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ವಿಚಾರಣೆಯವರು ಕೇಳಿದರು, ಮೊದಲು ಬಂದಿದ್ದೀರಾ ಎಂದು. ನೀವು ‘ಹನ್ನೆರಡು ಸಲ’ ಎಂದಿರಿ. ಅಷ್ಟಕ್ಕೇ ಬಿಟ್ಟಿರಾ? ಯಾರೂ ಕೇಳದಿದ್ದರೂ ಜೂನ್ ತಿಂಗಳ ಬಿಲ್ಲೆಯನ್ನೂ ಬಿಚ್ಚಿಟ್ಟಿರಿ! ಅಲ್ರೀ, ಅದನ್ನ ಯಾರು ಕೇಳಿದ್ರು ನಿಮಗ? ನನ್ನ ಹೆಸರಿಗೆ ಒಂದಿದ್ದ ತಪ್ಪು ಎರಡಾಯಿತು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದ್ದೆ.

ಆಗ ‘ಗೆದ್ದಿರಾ, ಸೋತಿರಾ’ ಎಂದು ವಕೀಲ ಕೇಳಿದ. ನೀವು ಜೇಬಿನಿಂದ ನಿಮ್ಮ ಲೆಕ್ಕದ ಚೀಟಿ ತೆಗೆದು ಒಂದೊಂದೇ ಓದಿದಿರಿ. ಹನ್ನೆರಡು ತಾರೀಖು, ಹನ್ನೆರಡು ಸೋಲು. ಸೂಪರ್‌ವೈಸರ್ ಮತ್ತೆ ಮತ್ತೆ ಬರುವವರ ಸೋಲು ಗೆಲುವು ಬರೆದಿಡುವ ತನ್ನ ಪುಸ್ತಕ ತರಿಸಿ ನೋಡಿದ. ಅಲ್ಲಿ ನಿಮ್ಮ ಅರ್ಧ ಹೆಸರು ಮತ್ತು ಬೆಲ್‌ರೋಸ್ ಇರುವ ಭಾಗ, ‘ಜೇ, ಕ್ವೀನ್ಸ್’ ಎಂದಿತ್ತು, ಲೆಕ್ಕ ನಿಮ್ಮ ಚೀಟಿಗೆ ಸರಿಯಾಗಿ. ‘ಪಾಲುದಾರಳನ್ನು ಇಟ್ಟುಕೊಂಡು ಹನ್ನೆರಡು ಸಲವೂ ಸೋಲುವವನನ್ನು ನಾನು ನೋಡಿಲ್ಲ’ ಎಂದು ವಕೀಲ ನಕ್ಕ. ಎಲ್ಲರೂ ನಕ್ಕರು. ನನಗೆ ಆ ನಗುವಿನಿಂದಲೇ ಕೆಲಸ ಮರಳಿತು. ನೀವು ನಿಂತಲ್ಲೇ ನಿಂತಿದ್ದಿರಿ. ಹಿಂದಿನ ಕುರ್ಚಿಯಲ್ಲಿ ನಿಮ್ಮ ಮನೆಯವರೊಬ್ಬರು ನಗಲಿಲ್ಲ.

ಎರಡು ವಾರ ಮತ್ತೆ ತರಬೇತಿ, ನಿಮ್ಮ ಜೂನ್ ತಿಂಗಳ ಕೃಪೆ. ಆಮೇಲೆ ಮೇಜಿಗೆ. ಲೈಸೆನ್ಸ್ ಉಳಿಯಿತು, ನಾನು ಎಲ್ಲಿಗೂ ಮರಳಬೇಕಾಗಿಲ್ಲ. ಆದರೆ ಇದನ್ನೇ ಅಕ್ಟೋಬರಿನಲ್ಲಿ ಮಾಡಿದ್ದರೆ ನಾನು ಅಷ್ಟು ದಿನ ಸಾಯಬೇಕಾಗಿರಲಿಲ್ಲ. ನಿಮ್ಮ ಉಪಕಾರ ಮರೆಯುವುದಿಲ್ಲ, ನನ್ನ ಸಿಟ್ಟೂ ಹೋಗುವುದಿಲ್ಲ.

ನಿಮ್ಮ ಮನೆಯವರು ಏನಂದರು?

ಉಷಾ


ಬೆಲ್‌ರೋಸ್
18 ಡಿಸೆಂಬರ್ 1979

ಉಷಾಳಿಗೆ ನಮಸ್ಕಾರ.

ನಿನ್ನ ಕೆಲಸ ಉಳಿಯಿತೆಂದು ಓದಿ ಸಂತೋಷವಾಯಿತು. ಸಿಟ್ಟು ಇಟ್ಟುಕೋ, ತಪ್ಪಿಲ್ಲ.

ರಮಾಮಣಿಗೆ ನಾನು ಹೇಳಿದ್ದು ವಿಚಾರಣೆಯ ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಕಾಫಿಯ ಹೊತ್ತಿನಲ್ಲಿ. ಅರ್ಧ ಹೇಳುವಷ್ಟರಲ್ಲಿ ಅವಳು ಲೋಟ ಇಟ್ಟು ‘ನಾಳೆ ಎಷ್ಟು ಗಂಟೆಗೆ?’ ಎಂದಳು. ನಾನೇ ಡ್ರೈವ್ ಮಾಡುತ್ತೇನೆಂದರೂ ಕಾರಿನ ಕೀ ಕೊಡಲಿಲ್ಲ. ಹೋಗುವಾಗಲೂ ಬರುವಾಗಲೂ ಅವಳೇ ಓಡಿಸಿದಳು. ಸೋತ ಹಣದ ಬಗ್ಗೆ ಕೂಗಾಡುತ್ತಾಳೆ, ಅಳುತ್ತಾಳೆ ಎಂದು ಕಾದಿದ್ದೆ. ಚೀಟಿಯನ್ನು ಅವಳ ಎದುರು ಓದಿಯಾಗಿತ್ತು, ಇನ್ನೇನು ಉಳಿದಿದೆ ಎಂದುಕೊಂಡಿದ್ದೆ.

ಬರುವಾಗ ಒಂದು ಟೋಲ್ ದಾಟಿದ ಮೇಲೆ ಬಾಯಿ ಬಿಟ್ಟಳು. ನಡೆದ ಹಾಗೇ ಬರೆಯುತ್ತೇನೆ.

‘ಆಡಿದ್ರಿ, ಹೋಗಲಿ. ಸುಳ್ಳು ಹೇಳಿ ಹೋಗ್ತಿದ್ರಿ, ಅದನ್ನ ಆಮೇಲೆ ವಿಚಾರಿಸ್ಕೋತೀನಿ. ಇಪ್ಪತ್ತೈದು ಡಾಲರ್ ಹೆಚ್ಚಿಗೆ ಬಂದಾಗ ಎದ್ದು ನಿಂತು ಹೇಳಿದ್ರಲ್ಲ, ಆ ಹುಡುಗಿ ಎರಡೂವರೆ ತಿಂಗಳು ಕಾಗದದ ಮೇಲೆ ಕಾಗದ ಬರೆದಾಗ ಎಲ್ರೀ ಹೋಗಿತ್ತು ಆ ಬಾಯಿ?’

ಮುಂದಿನ ಟೋಲಿಗೆ ಚಿಲ್ಲರೆ ಎಣಿಸಿ ಅವಳ ಕೈಗೆ ಕೊಟ್ಟೆ.

‘ಜೂನ್‌ನಲ್ಲಿ ಒಬ್ಬರೇ ಇದ್ರಿ, ಸುಮ್ಮನಿದ್ರಿ. ಸೆಪ್ಟೆಂಬರ್‌ನಲ್ಲಿ ಪಕ್ಕದಲ್ಲಿ ಯಾರೋ ಇದ್ರು, ಸತ್ಯ ಹೇಳಿದ್ರಿ. ಯಾರಾದ್ರೂ ನೋಡ್ತಿದ್ರೆ ಮಾತ್ರಾನಾ ನಿಮಗೆ ಸತ್ಯ ಬರೋದು? ಇವತ್ತೂ ನಾನು ಹಿಂದೆ ಕೂತಿರದಿದ್ರೆ ಹೇಳ್ತಿದ್ರಾ?’

ಬಳಗದ ಅಧ್ಯಕ್ಷತೆ ಮೊನ್ನೆ ಭಾನುವಾರ ಬಿಟ್ಟೆ. ಯಾಕೆಂದು ಎಲ್ಲರೂ ಕೇಳಿದರು. ಆರೋಗ್ಯ ಸರಿಯಿಲ್ಲವೆಂದೆ.

ರಮಾಮಣಿ ಆ ಪ್ರಶ್ನೆ ಕೇಳಿ ಹನ್ನೊಂದು ದಿನವಾಯಿತು. ಉತ್ತರ ನನಗೆ ಅಲ್ಲೇ, ಆ ಕಾರಿನಲ್ಲೇ ಗೊತ್ತಿತ್ತು. ಹೇಳುತ್ತಿರಲಿಲ್ಲ ಎಂಬುದೇ ಉತ್ತರ. ನಿನಗೆ ಬರೆದಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.

ಜಯತೀರ್ಥ